ಹಿತ್ತಿಲಲ್ಲಿ ಸಿಕ್ಕ ಈ ಗಡ್ಡೆ ಯಾವುದು?

ವರ್ಷಗಟ್ಟಲೆ ಪಾಳು ಬಿದ್ದ ಹಿತ್ತಿಲನ್ನು ಬೇಸಿಗೆಯಲ್ಲಿ ಅಗೆಯಲು ಹೋಗಬೇಡಿ. ಅರಿಶಿನ, ಸುವರ್ಣಗಡ್ಡೆಗಳು ಆಗ ಎಲೆ ಉದುರಿಸಿಕೊಂಡು ಮಣ್ಣೊಳಗೆ ಮಲಗಿರುತ್ತವೆ. ಗುದ್ದಲಿಗೆ ಸಿಕ್ಕ ತುಂಡನ್ನು ನೋಡಿ ಹೆಸರು ಹೇಳುವುದು ಅನುಭವಿಗಳಿಗೂ ಕಷ್ಟ. ರೋಹಿಣಿ ಮಳೆ ಬೀಳಲಿ. ಚಿಗುರು ಎರಡು ಗೇಣು ಎದ್ದ ಮೇಲೆ ಎಲೆಯ ಫೋಟೊ ತೆಗೆದಿಟ್ಟುಕೊಳ್ಳಿ, ಗಿಡದ ಪಕ್ಕ ಗುರುತಿಗೊಂದು ಕೋಲು ನೆಡಿ.

ಅಗೆಯುವಾಗ ಕೈಗವಸು ಇರಲಿ. ಬುಡದಿಂದ ಒಂದು ಗೇಣು ದೂರದಲ್ಲಿ ಹಾರೆ ಹಾಕಿ ಮಣ್ಣು ಸಡಿಲಿಸಿದರೆ ಗಡ್ಡೆ ಇಡಿಯಾಗಿ ಬರುತ್ತದೆ. ತೊಳೆದು, ಕತ್ತರಿಸಿ, ಮೂಸಿ ನೋಡಿ. ಒಳಗೆ ಕಿತ್ತಳೆ ಬಣ್ಣವಿದ್ದು ಪರಿಚಿತ ಘಮ ಬಂದರೆ ಅರಿಶಿನ. ಶುಂಠಿಯಂತಿದ್ದು ಮಾವಿನಕಾಯಿಯ ವಾಸನೆ ಬಂದರೆ ಮಾವಿನ ಶುಂಠಿ. ಮುಳ್ಳುಬಳ್ಳಿಯ ಬುಡದಲ್ಲಿ ಬೆರಳಿನಂಥ ಬಿಳಿ ಬೇರುಗಳ ಗೊಂಚಲಿದ್ದರೆ ಅದು ಶತಾವರಿ. ನಮ್ಮ ಹಿರಿಯರು ಅದನ್ನು 'ಹಲವು ಮಕ್ಕಳ ತಾಯಿ ಬೇರು' ಎಂದು ಕರೆದದ್ದು ಎಷ್ಟು ಸರಿ!

ಏನೇ ಆದರೂ ನಾಲಿಗೆಗೆ ಮಾತ್ರ ತಾಗಿಸಬೇಡಿ. ಇದನ್ನು ಒತ್ತಿ ಹೇಳಲು ಕಾರಣ ಗೌರಿ ಹೂವಿನ ಗಡ್ಡೆ. ನೇಗಿಲಿನಂತೆ ಎರಡು ಕವಲಾಗಿ ಬಾಗಿರುವುದರಿಂದಲೇ ಸಂಸ್ಕೃತದಲ್ಲಿ ಅದಕ್ಕೆ ಲಾಂಗಲಿ ಎಂಬ ಹೆಸರು. ಗೆಣಸೆಂದು ತಿಳಿದು ಬೇಯಿಸಿ ತಿಂದು ಸತ್ತವರಿದ್ದಾರೆ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದು ಕೆಲವು ಗಂಟೆಗಳ ನಂತರ. ಹಾಗಾಗಿ ಯಾರಾದರೂ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ, ಉಳಿದ ತುಂಡಿನೊಂದಿಗೆ ಆಸ್ಪತ್ರೆಗೆ ಓಡಿ. ಗಿಡದ ಗುರುತು ಸುಲಭ: ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಮಕ್ಕಳಿರುವ ಮನೆಯಾದರೆ ಕಿತ್ತುಬಿಡಿ. ಎರಡೂ ಕವಲುಗಳ ತುದಿಯಲ್ಲಿ ಮೊಳಕೆಯಿರುವುದರಿಂದ ಒಂದು ಮುರಿದು ಉಳಿದರೂ ಮತ್ತೆ ಚಿಗುರುತ್ತದೆ.

ತಾಳ್ಮೆ ಪರೀಕ್ಷಿಸುವುದು ಕೊನ್ನಾರಿ ಗಡ್ಡೆ. ಮೂರು ಮೂಲೆಯ ಕಾಂಡದ ಹುಲ್ಲು, ಕೆಳಗೆ ತಂತಿಯಂಥ ಬೇರಿಗೆ ಪೋಣಿಸಿದ ಕಪ್ಪು ಗಡ್ಡೆಗಳು. ಟಿಲ್ಲರ್ ಓಡಿಸಿದರೆ ಸರ ಹರಿದು ಪ್ರತಿ ಗಡ್ಡೆಯೂ ಒಂದು ಗಿಡವಾಗುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಚುಚ್ಚಿಕೊಂಡು ಬರುತ್ತದೆ. ಕೈಯಿಂದ ಆರಿಸಿ, ಬಿಸಿಲಿಗೆ ಹರಡಿ, ಪೂರಾ ಒಣಗಿಸಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ನೆರಳೆಂದರೆ ಅದಕ್ಕೆ ಆಗದು. ಆ ಜಾಗದಲ್ಲಿ ಒತ್ತೊತ್ತಾಗಿ ಅಲಸಂದೆ ಬಿತ್ತಿ.

ಹೆಸರು ಸಿಗದೆ ಉಳಿದದ್ದನ್ನು ಎಸೆಯಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಕುಂಡದಲ್ಲಿ ನೆಟ್ಟು ಹೂ ಬಿಡುವವರೆಗೆ ಕಾಯಿರಿ. ಹೂವು, ಎಲೆ, ಗಡ್ಡೆ ಮೂರನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.