ಒತ್ತಡ ಇಳಿದ ಮೇಲಿನ ಕೆಲಸ

ಎಂಟು ತಿಂಗಳ ಹೆಣ್ಣುಮಗು. ಎಡಗಣ್ಣು ದೊಡ್ಡದಾಗಿ ಚೆಂದ ಕಾಣುತ್ತದೆಂದು ಮನೆಯವರು ಮೊದಲು ಸಂತೋಷಪಟ್ಟಿದ್ದರಂತೆ. ಬೆಳಕು ಕಂಡರೆ ಮುಖ ತಿರುಗಿಸಿ ನೀರು ಸುರಿಸತೊಡಗಿದಾಗ ನನ್ನಲ್ಲಿಗೆ ಕರೆತಂದರು. ಅರಿವಳಿಕೆ ಕೊಟ್ಟು ನೋಡಿದರೆ ಆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಾರ್ನಿಯಾ, 13.5 ಮಿಲಿಮೀಟರ್ ಅಗಲಕ್ಕೆ ಹಿಗ್ಗಿತ್ತು, ಬಲಗಣ್ಣಿನದು 11. ಹಿಗ್ಗಿದ ಕಾರ್ನಿಯಾದ ಒಳಪದರ ಸೀಳಿ ಉಳಿದ ಹಾಬ್ ಗೆರೆಗಳೂ ಇದ್ದವು. ಕಣ್ಣಿನೊಳಗಿನ ಒತ್ತಡ 28 ಮಿ.ಮೀ. ಪಾದರಸ, ಸಹಜಕ್ಕಿಂತ ಹೆಚ್ಚು. ಇದು ಜನ್ಮಜಾತ ಗ್ಲಾಕೊಮಾ: ಕಣ್ಣಿನೊಳಗಿನ ದ್ರವ ಸರಿಯಾಗಿ ಹೊರಹರಿಯದೆ ಒತ್ತಡ ಏರಿ, ಕಣ್ಣು ಹಿಗ್ಗಿ, ದೃಷ್ಟಿನರ ಹಾಳಾಗುವ ರೋಗ. ಇದರಲ್ಲಿ ಹನಿ ಔಷಧಿ ಶಸ್ತ್ರಚಿಕಿತ್ಸೆಯವರೆಗಿನ ಆಸರೆಯಷ್ಟೆ. ಆ ದ್ರವಕ್ಕೆ ಹೊರದಾರಿ ಮಾಡಿಕೊಡುವ ಟ್ರಾಬೆಕ್ಯುಲೋಟಮಿ, ಟ್ರಾಬೆಕ್ಯುಲೆಕ್ಟಮಿ ಶಸ್ತ್ರಚಿಕಿತ್ಸೆಗಳೆರಡನ್ನೂ ಒಟ್ಟಿಗೆ ಮಾಡಿದೆ. ಒತ್ತಡ 14ಕ್ಕೆ ಇಳಿಯಿತು.

ವೃತ್ತಿಯ ಆರಂಭದಲ್ಲಿ ನಾನು ಇಲ್ಲಿಗೇ ನಿರಾಳವಾಗಿಬಿಡುತ್ತಿದ್ದೆ. ಅಂಥ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಆ ಕಣ್ಣಿನಲ್ಲಿ ಬೆರಳು ಎಣಿಸುವಷ್ಟು ಮಾತ್ರ ದೃಷ್ಟಿ ಇರುವುದನ್ನು ಕಂಡು ಎದೆ ಧಸಕ್ಕೆಂದಿತ್ತು. ಹಿಗ್ಗಿದ ಕಣ್ಣಿಗೆ ಸಮೀಪದೃಷ್ಟಿ ಬರುತ್ತದೆ, ಹಾಬ್ ಗೆರೆಗಳಿಂದ ಕಾರ್ನಿಯಾದ ಬಾಗು ಅಸಮವಾಗಿ ಸಿಲಿಂಡರ್ ಪವರ್ ಸೇರುತ್ತದೆ. ಒಂದು ಕಣ್ಣಿನಿಂದ ಸದಾ ಮಸುಕು ಚಿತ್ರವೇ ಬರುತ್ತಿದ್ದರೆ ಬೆಳೆಯುವ ಮಿದುಳು ಅದನ್ನು ಬದಿಗಿಡುತ್ತದೆ. ಮಂದದೃಷ್ಟಿ ಬೇರೂರುವುದು ಹೀಗೆ.

ಆದ್ದರಿಂದ ಈ ಮಗುವಿನ ವಿಷಯದಲ್ಲಿ ಕಾಯಲಿಲ್ಲ. ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದರೆ ಸುಮ್ಮನೆ ಆಡುತ್ತಿತ್ತು. ಬಲಗಣ್ಣಿಗೆ ಹಿಡಿದ ಕೂಡಲೇ ನನ್ನ ಕೈ ತಳ್ಳಿ ಅಳುತ್ತಿತ್ತು. ಮೈನಸ್ 7ರ ಕನ್ನಡಕ ಬರೆದು, ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕಲು ಹೇಳಿದೆ. “ಕಾಣುವ ಕಣ್ಣನ್ನೇ ಮುಚ್ಚಿ ಎನ್ನುತ್ತೀರಲ್ಲ ಡಾಕ್ಟರೇ?” ಎಂದು ತಾಯಿ ಕಣ್ಣೀರಿಟ್ಟರು. ಅವರ ಜೊತೆ ಅರ್ಧ ಗಂಟೆ ಕುಳಿತೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ಮಾತು ಆಡಬೇಕಿತ್ತೆಂದು ಆಗ ಅನಿಸಿತು. ಈಗ ಹಾಗೆಯೇ ಮಾಡುತ್ತೇನೆ. ಮಗು ಪಟ್ಟಿ ಕಿತ್ತೆಸೆಯುತ್ತಿತ್ತು. ತಾಯಿ ಅದನ್ನು ಊಟದ ಹೊತ್ತಿಗೂ ಆಟದ ಹೊತ್ತಿಗೂ ಹಂಚಿ, ಎರಡು ಗಂಟೆ ತುಂಬಿಸಿದರು. ಈ ಚಿಕಿತ್ಸೆಯ ಬಹುಪಾಲು ಅವರದೇ.

ದೃಷ್ಟಿನರ ಎಷ್ಟು ಹಾಳಾಗಿದೆ, ಮಂದದೃಷ್ಟಿ ಎಷ್ಟಿದೆ ಎಂದು ಮೊದಲೇ ಬೇರ್ಪಡಿಸಿ ಹೇಳುವುದು ಕಷ್ಟ. ಪಟ್ಟಿಗೆ ದೃಷ್ಟಿ ಸ್ಪಂದಿಸಿದರೆ ಅಷ್ಟು ಭಾಗ ಮಂದದೃಷ್ಟಿಯದೆಂದು ಗೊತ್ತಾಗುತ್ತದೆ. ಹಾಗಾಗಿ ನರ ಹೋಗಿದೆಯೆಂದು ಮೊದಲ ಭೇಟಿಯಲ್ಲೇ ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ಪಟ್ಟಿ ಹಾಕಿಯೂ ಬದಲಾವಣೆ ಕಾಣದಿದ್ದರೆ ತಂದೆತಾಯಿಗೆ ಬಿಚ್ಚಿ ಹೇಳಿ ನಿಲ್ಲಿಸುತ್ತೇನೆ.

ನಾಲ್ಕನೆಯ ವಯಸ್ಸಿನಲ್ಲಿ ಚಿತ್ರಫಲಕದ ಮುಂದೆ ಅವಳ ಎಡಗಣ್ಣಿನ ದೃಷ್ಟಿ 6/18 ಬಂತು, ಅಂದರೆ ಸಹಜ ಕಣ್ಣು 18 ಮೀಟರ್‌ನಿಂದ ಕಾಣುವುದನ್ನು ಆ ಕಣ್ಣು 6 ಮೀಟರ್‌ನಿಂದ ಕಾಣುತ್ತಿತ್ತು. ಈಗಲೂ ತಪಾಸಣೆಗೆ ಬರುತ್ತಾಳೆ. ಪ್ರತಿ ಸಲವೂ ಒತ್ತಡದ ಜೊತೆಗೆ ಕನ್ನಡಕದ ಪವರ್ ನೋಡುತ್ತೇನೆ. ಎಳೆಯ ಮಕ್ಕಳಲ್ಲಿ ಮೈನಸ್ ದಿಢೀರನೆ ಏರಿದರೆ ಕಣ್ಣು ಮತ್ತೆ ಹಿಗ್ಗುತ್ತಿದೆಯೇ ಎಂದು ಅಂದೇ ಅಳೆಯುತ್ತೇನೆ.