ಮಗುವಿಗೆ ಮರುಕಳಿಸುವ ಜ್ವರ, ಚರ್ಮದಲ್ಲಿ ಬಲೆ, ಲಕ್ವ: ಡಿಎಡಿಎ2 ಶಂಕೆ ಬಂದರೆ ಏನು ಮಾಡಬೇಕು?

ಐದು ವರ್ಷ ತುಂಬದ ಮಗುವಿಗೂ ಲಕ್ವ ಹೊಡೆಯಬಹುದು. ಅದಕ್ಕೆ ಕಾರಣವಾಗುವ ಅಪರೂಪದ ವಂಶವಾಹಿ ಕಾಯಿಲೆಗಳಲ್ಲಿ ಒಂದು, ಎಡಿಎ2 ಕಿಣ್ವದ ಕೊರತೆ, ಅಂದರೆ ಡಿಎಡಿಎ2. ವೈದ್ಯಲೋಕ ಇದನ್ನು ಗುರುತಿಸಿದ್ದು 2014ರಲ್ಲಿ. ರಕ್ತನಾಳಗಳಲ್ಲಿ ಉರಿಯೂತ ಎದ್ದು ಮಿದುಳಿನ ಆಳದ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ, ಕೆಲವೊಮ್ಮೆ ಒಡೆಯುತ್ತವೆ.

ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ, ದಿಢೀರನೆ ಮೆಳ್ಳೆಗಣ್ಣು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಶುರುವಾದ ಗಂಟೆ ಬರೆದಿಡಿ. ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಆಸ್ಪಿರಿನ್ ನೀವಾಗಿ ಕೊಡಬೇಡಿ. ಈ ಕಾಯಿಲೆಯಲ್ಲಿ ಮಿದುಳಿನೊಳಗೆ ರಕ್ತಸ್ರಾವದ ಭಯವಿದೆ.

ಲಕ್ವಕ್ಕೆ ಮೊದಲೇ ಸುಳಿವು ಸಿಗುವುದುಂಟು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಜ್ವರ ಪದೇ ಪದೇ ಬರುತ್ತಿದ್ದರೆ ದಿನಾಂಕ ಸಮೇತ ಬರೆಯಿರಿ. ಕಾಲಿನ ಮೇಲೆ ನೇರಳೆ ಬಲೆಯಂಥ ಗೆರೆ ಕಂಡರೆ ಎಣ್ಣೆ ಹಚ್ಚದೆ, ಹಗಲ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಚಳಿಗೆ ಮೂಡಿದ ಗೆರೆ ಕಾಲು ಬೆಚ್ಚಗಾದರೆ ಮಾಯವಾಗುತ್ತದೆ, ಇದು ಉಳಿಯುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಈ ಹಾಳೆಯನ್ನು ಹಗುರವಾಗಿ ನೋಡಬೇಡಿ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ಪಾವಗಡದಿಂದ ಮುಳಬಾಗಿಲಿನವರೆಗೂ ಇದೆ. ತಂದೆ ತಾಯಿ ಇಬ್ಬರೂ ದೋಷವಿರುವ ಜೀನಿನ ಒಂದೊಂದು ಪ್ರತಿ ಹೊತ್ತಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಹತ್ತಿರದ ಸಂಬಂಧದಲ್ಲಿ ಇಬ್ಬರಿಗೂ ಒಂದೇ ದೋಷ ಇರುವ ಸಂಭವ ಹೆಚ್ಚು, ಹೊರಗಿನ ಸಂಬಂಧದಲ್ಲೂ ಆಗಬಹುದು. ಚಿಕ್ಕಂದಿನಲ್ಲೇ ತೀರಿಕೊಂಡವರ ಹೆಸರನ್ನೂ ಬರೆಯಿರಿ. ಸೊಸೆಯನ್ನು ದೂರುವುದಕ್ಕೆ ಇಲ್ಲಿ ಯಾವ ಆಧಾರವೂ ಇಲ್ಲ.

ಎಂಆರ್‌ಐ ಜೊತೆಗೆ ಎರಡು ಪರೀಕ್ಷೆ ಬೇಕು: ರಕ್ತದಲ್ಲಿ ಎಡಿಎ2 ಕಿಣ್ವದ ಚಟುವಟಿಕೆ ಮತ್ತು ಜೀನ್ ಪರೀಕ್ಷೆ. ಇತ್ತೀಚೆಗೆ ರಕ್ತ ಅಥವಾ ಪ್ಲಾಸ್ಮಾ ಕೊಡಿಸಿದ್ದರೆ ಮೊದಲೇ ಹೇಳಿ, ದಾನಿಯ ಕಿಣ್ವದಿಂದ ಫಲಿತಾಂಶ ದಾರಿ ತಪ್ಪುತ್ತದೆ. ಜೀನಿನ ದೊಡ್ಡ ತುಂಡೇ ಕಾಣೆಯಾಗಿದ್ದರೆ ಸಾಮಾನ್ಯ ಜೀನ್ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಕಿಣ್ವದ ಪರೀಕ್ಷೆ ಬಿಡಬಾರದು ಎನ್ನುವುದು ಅದಕ್ಕೇ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆದು ಬೆಂಗಳೂರಿನ ನಿಮ್ಹಾನ್ಸ್ ಅಥವಾ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಹೋಗಿ.

ಎಟನರ್ಸೆಪ್ಟ್‌ನಂಥ ಟಿಎನ್‌ಎಫ್ (ಉರಿಯೂತ ಎಬ್ಬಿಸುವ ಪ್ರೋಟೀನ್) ತಡೆಯುವ ಇಂಜೆಕ್ಷನ್ ಮತ್ತೆ ಲಕ್ವ ಬರುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಶುರುಮಾಡುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ, ಅಡಗಿರುವ ಕ್ಷಯ ಈ ಮದ್ದಿನಿಂದ ಕೆರಳುತ್ತದೆ. ದಡಾರದಂಥ ಜೀವಂತ ಲಸಿಕೆಯನ್ನು ವೈದ್ಯರನ್ನು ಕೇಳದೆ ಹಾಕಿಸಬೇಡಿ. ಮದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕಿಗೆ ತಾಗದಂತೆ ಬಟ್ಟೆ ಸುತ್ತಿ, ಹೆಪ್ಪುಗಟ್ಟಿದರೆ ಬಳಸುವಂತಿಲ್ಲ.

ರೋಗ ಖಚಿತವಾದ ಕೂಡಲೇ ಒಡಹುಟ್ಟಿದವರೆಲ್ಲರಿಗೂ ಪರೀಕ್ಷೆ ಮಾಡಿಸಿ, ಆರೋಗ್ಯವಾಗಿ ಓಡಾಡುತ್ತಿದ್ದರೂ ಸರಿ. ಇನ್ನೊಂದು ಮಗು ಬೇಕೆನ್ನುವವರು ಗರ್ಭ ಧರಿಸುವ ಮೊದಲೇ ಜೆನೆಟಿಕ್ ಸಲಹೆ ಪಡೆಯಿರಿ: ಮನೆಯಲ್ಲಿರುವ ದೋಷ ಯಾವುದೆಂದು ಗೊತ್ತಿದ್ದರೆ ಮಾತ್ರ 11ರಿಂದ 13ನೇ ವಾರದಲ್ಲಿ ಭ್ರೂಣದ ಪರೀಕ್ಷೆ ಸಾಧ್ಯ.