ಕಂಪ್ರೆಸರ್ ಹಚ್ಚಿದ ಕೂಡ್ಲೇ ಐದು ಡಿಗ್ರಿ

"ಏನ್ರೀ ಸಾಹೇಬ್ರ, ಕಂಪ್ರೆಸರ್ ಹಚ್ಚಿದ ಕೂಡ್ಲೇ ಐದು ಡಿಗ್ರಿ ಇಳೀತೈತಲ್ಲ! ಅಂಥಾ ಮಷಿನ್ ಐತೇನು ನನ್ನ ಹತ್ರ?"

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಸಾವ್ಕಾರ್ರು ಫೋನಿನಲ್ಲಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಒಣಮೆಣಸಿನಕಾಯಿ ಚೀಲಗಳ ನಡುವೆ ಏಳು ಥರ್ಮಿಸ್ಟರ್ (ಉಷ್ಣತೆ ಅಳೆಯುವ ಸೆನ್ಸರ್) ಇಳಿಬಿಟ್ಟು, ಎಂಟನೇ ಚಾನೆಲ್‌ಗೆ ಕಂಪ್ರೆಸರ್‌ನ ಪ್ರೆಶರ್ ಸೆನ್ಸರ್ ಜೋಡಿಸಿ, ಎಲ್ಲವನ್ನೂ ಎಸ್‌ಟಿಎಂ32ಎಫ್103 ಚಿಪ್‌ನ 12 ಬಿಟ್ ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಓದುವ ಡಬ್ಬಿ ನಾನೇ ಮಾಡಿಕೊಟ್ಟಿದ್ದೆ. ಆರು ಥರ್ಮಿಸ್ಟರ್ ಸುಮ್ಮನಿದ್ದವು. ಎರಡನೆಯದು ಮಾತ್ರ ಕಂಪ್ರೆಸರ್ ಜೊತೆ ಕುಣಿಯುತ್ತಿತ್ತು.

ಹುಬ್ಬಳ್ಳಿಯಿಂದ ಎರಡು ಸಲ ಹೋಗಿ ಬಂದೆ. ಮೋಟಾರಿನ ಗದ್ದಲ ವೈರ್ ಹಿಡಿದು ಬರುತ್ತಿದೆ ಅಂತ ನನ್ನ ಎಣಿಕೆ. ಶೀಲ್ಡ್ ಇರುವ ಕೇಬಲ್ ಹಾಕಿದೆ, ಅರ್ಥಿಂಗ್ ಬೇರೆ ಮಾಡಿದೆ, ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಸಾಕಾಯಿತು. ಗುಣವಾಗಿದ್ದು ಏನೂ ಇಲ್ಲ. ಗದ್ದಲವಾಗಿದ್ದರೆ ರೀಡಿಂಗ್ ನಡುಗಬೇಕಿತ್ತು. ಇದು ನಡುಗುತ್ತಿರಲಿಲ್ಲ, ಸಾವಕಾಶ ಹೊಸ ಜಾಗಕ್ಕೆ ಹೋಗಿ ಕೂತುಬಿಡುತ್ತಿತ್ತು. ಅದನ್ನು ಮೊದಲೇ ಗಮನಿಸಬೇಕಿತ್ತು.

ಮೂರನೇ ಸಲ ವೈರ್ ಮುಟ್ಟಲಿಲ್ಲ. ಲ್ಯಾಪ್‌ಟಾಪ್ ಹಚ್ಚಿ, ಚಾನೆಲ್ ಓದುವ ಸರದಿಯನ್ನಷ್ಟೇ ಬದಲಿಸಿದೆ: ಪ್ರೆಶರ್ ಆದ ಮೇಲೆ ಎರಡರ ಬದಲು ಆರನೇ ಥರ್ಮಿಸ್ಟರ್. ಎರಡನೆಯದು ಸುಮ್ಮನಾಯಿತು, ಆರನೆಯದು ಕುಣಿಯತೊಡಗಿತು. ದೆವ್ವ ವೈರಿನಲ್ಲಿರಲಿಲ್ಲ, ಸರದಿಯಲ್ಲಿತ್ತು. ಐದು ನಿಮಿಷದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಎರಡು ಸಲದ ಡೀಸೆಲ್ ಉಳಿಯುತ್ತಿತ್ತು.

ಚಿಪ್ ಒಳಗಿನ ಎಡಿಸಿಗಳಲ್ಲಿ ನಾನು ಬಳಸಿದ್ದು ಒಂದೇ. ಚಾನೆಲ್‌ಗಳೆಲ್ಲ ಒಂದು ಸ್ವಿಚ್ ಮೂಲಕ ಸರದಿಯಂತೆ 8 ಪಿಕೋಫ್ಯಾರಡ್‌ನ ಅದೇ ಪುಟ್ಟ ಕೆಪ್ಯಾಸಿಟರ್‌ಗೆ ಬಂದು ಕೂಡುತ್ತವೆ. ಹಿಂದಿನ ಚಾನೆಲ್ ತುಂಬಿಸಿದ ಚಾರ್ಜ್ ಅದರಲ್ಲಿ ಉಳಿದೇ ಇರುತ್ತದೆ. ಮುಂದಿನ ಚಾನೆಲ್ ಅದನ್ನು ತನ್ನ ಮಟ್ಟಕ್ಕೆ ತರಲು ಸಮಯ ಬೇಕು. ನಾನು ಕೊಟ್ಟಿದ್ದು ಡೀಫಾಲ್ಟ್ ಆಗಿ ಬರುವ 1.5 ಸೈಕಲ್, ಎಡಿಸಿಯ 12 ಮೆಗಾಹರ್ಟ್ಸ್ ಗಡಿಯಾರಕ್ಕೆ ಅದು ಬರೀ 125 ನ್ಯಾನೋಸೆಕೆಂಡ್. ಜೊತೆಗೆ, ಪಿನ್ನಿಗೆ ರಕ್ಷಣೆ ಇರಲಿ ಅಂತ ಪ್ರತಿ ಥರ್ಮಿಸ್ಟರ್ ದಾರಿಯಲ್ಲಿ 10 ಕಿಲೋಓಮ್ ರೆಸಿಸ್ಟರ್ ಹಾಕಿದ ಜಾಣನೂ ನಾನೇ. ಸ್ವಿಚ್‌ನದು 1 ಕಿಲೋಓಮ್ ಸೇರಿಸಿ ಲೆಕ್ಕ ಹಾಕಿದರೆ ಟೈಮ್ ಕಾನ್‌ಸ್ಟಂಟ್ (ಕೆಪ್ಯಾಸಿಟರ್ ತುಂಬುವ ವೇಗದ ಅಳತೆ) 88 ನ್ಯಾನೋಸೆಕೆಂಡ್. 12 ಬಿಟ್‌ಗೆ ಸರಿಯಾಗಿ ಕೂರಲು ಅಂಥವು ಒಂಬತ್ತು-ಹತ್ತು ಬೇಕು. ನನ್ನಲ್ಲಿದ್ದದ್ದು ಒಂದೂವರೆಗೂ ಕಡಿಮೆ. ಕಾಗದದ ಲೆಕ್ಕದಲ್ಲಿ ಹಿಂದಿನ ಚಾನೆಲ್‌ನೊಂದಿಗಿನ ಅಂತರದ ಕಾಲು ಭಾಗ ಹಾಗೇ ಉಳಿಯುತ್ತದೆ. ಪ್ರೆಶರ್ ಮುಕ್ಕಾಲು ವೋಲ್ಟ್ ಏರಿದರೆ ಥರ್ಮಿಸ್ಟರ್‌ನಲ್ಲಿ ಸುಮಾರು 0.18 ವೋಲ್ಟ್ ಸುಳ್ಳು. ಆ ತಂಪಿನಲ್ಲಿ ಡಿಗ್ರಿಗೆ 34 ಮಿಲಿವೋಲ್ಟ್ ಆಸುಪಾಸು. ಸಾವ್ಕಾರ್ರ ಐದು ಡಿಗ್ರಿ ಸಿಕ್ಕಿತು! 1.5 ಸೈಕಲ್‌ಗೆ ದಾರಿಯ ರೆಸಿಸ್ಟೆನ್ಸ್ 0.4 ಕಿಲೋಓಮ್ ದಾಟಬಾರದು ಅಂತ ಡೇಟಾಶೀಟ್‌ನ ಕೋಷ್ಟಕದಲ್ಲೇ ಇದೆ. ಆ ಪುಟ ನಾನು ಓದಿರಲಿಲ್ಲ.

ಚಾನೆಲ್ ಎರಡು ಸಲ ಓದಿ ಮೊದಲನೆಯದನ್ನು ಬಿಡು ಎನ್ನುವ ಉಪಾಯ ಎಲ್ಲರಿಗೂ ಗೊತ್ತು. ಮಾಡಿ ನೋಡಿದೆ. ಕಾಲು ಭಾಗದ ಕಾಲು ಭಾಗ ಉಳಿಯಿತು, ಅಂದರೆ ಒಂದು ಡಿಗ್ರಿಗಿಂತ ಹೆಚ್ಚು. ಅದು ಮುಲಾಮು, ಔಷಧ ಅಲ್ಲ.

ವರ್ಕ್‌ಶಾಪಿಗೆ ಬಂದು ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸುಗೆ ಹಾಕಿದೆ. ಹಂಡೆಯಿಂದ ಚಮಚ ನೀರು ತೆಗೆದಂತೆ, 8 ಪಿಕೋ ಒಮ್ಮೆ ಎಳೆದರೆ ಅದರ ಮಟ್ಟ ಕದಲುವುದಿಲ್ಲ. ಕುಣಿತ ನಿಂತಿತು. ಆದರೆ ಅರ್ಧ ಡಿಗ್ರಿಯಷ್ಟು ತಪ್ಪು ಗಟ್ಟಿಯಾಗಿ ಉಳಿಯಿತು. ಎಂಟೂ ಚಾನೆಲ್ ಬಿಡುವಿಲ್ಲದೆ, ಸೆಕೆಂಡಿಗೆ ಲಕ್ಷ ಸುತ್ತು ಓದುವಂತೆ ಬಿಟ್ಟಿದ್ದೆ. ಚಮಚ ಸಣ್ಣದಾದರೇನು, ಲಕ್ಷ ಸಲ ಎತ್ತಿದರೆ ಹಂಡೆಯೂ ತಗ್ಗುತ್ತದೆ. ಕೋಲ್ಡ್ ಸ್ಟೋರೇಜಿಗೆ ಅಷ್ಟು ಅವಸರ ಯಾಕೆ? ಸೆಕೆಂಡಿಗೆ ಒಂದು ಸುತ್ತು ಮಾಡಿದೆ, ಸ್ಯಾಂಪಲ್ ಸಮಯ 239.5 ಸೈಕಲ್‌ಗೆ ಏರಿಸಿದೆ, 10 ಕಿಲೋಓಮ್ ಕಿತ್ತು 1 ಕಿಲೋಓಮ್ ಹಾಕಿದೆ. ಆಮೇಲೆ ಪ್ರೆಶರ್ ಪಿನ್ನನ್ನು ಒಮ್ಮೆ ಗ್ರೌಂಡಿಗೆ, ಒಮ್ಮೆ 3.3 ವೋಲ್ಟ್‌ಗೆ ತಾಗಿಸಿ ನೋಡಿದರೆ, ಉಳಿದ ಏಳೂ ಅಲುಗಲಿಲ್ಲ.

ಡಬ್ಬಿ ಮತ್ತೆ ಕೂಡಿಸಿ ಬಂದ ವಾರಕ್ಕೆ ಫೋನ್ ಬಂತು.

"ಸಾಹೇಬ್ರ, ಈಗ ಒಂದು ಡಿಗ್ರಿ ಇಳೀಬೇಕಂದ್ರ ತಾಸು ಹಿಡೀತೈತಿ. ಮೊದಲಿನದs ಛಲೋ ಇತ್ತು ನೋಡ್ರಿ."